ಬರ್ಗರ್ ಸಾಸ್‌ಗೆ ಬ್ಯಾಡಗಿಯ ಕೆಂಪು: ಮನೆಯಲ್ಲೇ ಮಾಡುವುದು ಹೇಗೆ?

ಎರಡು ಹೋಳು ಬನ್ನು, ನಡುವೆ ಆಲೂಗಡ್ಡೆಯ ಟಿಕ್ಕಿ, ಒಂದಿಷ್ಟು ಎಲೆಕೋಸು, ಎರಡು ಬಿಲ್ಲೆ ಈರುಳ್ಳಿ. ಇಷ್ಟನ್ನು ಯಾವ ಊರಿನ ಬೇಕರಿಯವರಾದರೂ ಜೋಡಿಸಿ ಕೊಡಬಲ್ಲರು. ಆದರೆ ಅದಕ್ಕೆ ಬರ್ಗರ್‌ನ ರುಚಿ ಬರುವುದು ಒಳಗೆ ಸವರಿದ ಕಿತ್ತಳೆಗೆಂಪು ಸಾಸ್‌ನಿಂದ. ತುಸು ಹುಳಿ, ತುಸು ಸಿಹಿ, ನಾಲಿಗೆಯ ತುದಿಗೆ ತಾಕಿ ಮರೆಯಾಗುವ ಖಾರ, ಬಾಯಿ ತುಂಬುವ ಜಿಡ್ಡು: ಇವಿಷ್ಟೂ ಒಂದೇ ಚಮಚದಲ್ಲಿ ಅಡಗಿರುತ್ತವೆ. ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುವ ಹಾವೇರಿ ಮತ್ತು ರಾಣೆಬೆನ್ನೂರುಗಳಲ್ಲಿಯೂ ಈಗ ಗಿರ್ಮಿಟ್, ಮಿರ್ಚಿ ಭಜಿಗಳ ಜೊತೆಯಲ್ಲೇ ಬರ್ಗರ್ ಮಾರಾಟವಾಗುತ್ತಿದೆ. ಮಕ್ಕಳಿಗಂತೂ ಅದು ಅಪರೂಪದ ತಿನಿಸಾಗಿ ಉಳಿದಿಲ್ಲ.

ಈ ಸಾಸ್‌ಗೆ ಬಣ್ಣ ಕೊಡುವ ವಸ್ತುವನ್ನು ವಿದೇಶಿ ಪಾಕಪುಸ್ತಕಗಳು ‘ಪಾಪ್ರಿಕಾ’ ಎಂದು ಕರೆಯುತ್ತವೆ. ನಗರದ ದೊಡ್ಡ ಮಳಿಗೆಗಳಲ್ಲಿ ಅದು ಪುಟ್ಟ ಶೀಶೆಯಲ್ಲಿ, ದೊಡ್ಡ ಬೆಲೆಗೆ ದೊರೆಯುತ್ತದೆ. ಆದರೆ ಅದೇ ಕೆಲಸವನ್ನು ಅದಕ್ಕಿಂತ ಸೊಗಸಾಗಿ ಮಾಡಬಲ್ಲ ಕಾಯೊಂದು ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇದೆ. ಅದು ಬ್ಯಾಡಗಿ ಮೆಣಸಿನಕಾಯಿ. ಅದನ್ನು ಬಳಸಿ ಈ ಸಾಸನ್ನು ಮನೆಯಲ್ಲೇ ಸುರಕ್ಷಿತವಾಗಿ ತಯಾರಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಜೊತೆಗೆ, ಬಣ್ಣಕ್ಕಾಗಿ ನಾವು ಏನನ್ನು ತಿನ್ನುತ್ತಿದ್ದೇವೆ, ಆ ಬಣ್ಣವನ್ನು ಬೆಳೆದವನಿಗೆ ಏನು ಸಿಗುತ್ತಿದೆ ಎಂಬ ಪ್ರಶ್ನೆಗಳನ್ನೂ ಪರಿಶೀಲಿಸಲಾಗಿದೆ.

ಈ ಎರಡು ಪ್ರಶ್ನೆಗಳೂ ಒಂದೇ ದಿನ ಸುದ್ದಿಯಾದದ್ದುಂಟು. 2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರವು ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣ ಪತ್ತೆಯಾಗಿತ್ತು. ಅದೇ ಸೋಮವಾರ ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಏಕಾಏಕಿ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ಕಲ್ಲು ತೂರಿ ವಾಹನಗಳಿಗೆ ಬೆಂಕಿ ಹಚ್ಚಿದರು. ರಾಜಧಾನಿಯಲ್ಲಿ ಸುಳ್ಳು ಕೆಂಪಿನ ಮೇಲೆ ನಿಷೇಧ ಬಿದ್ದ ದಿನವೇ, ನಿಜವಾದ ಕೆಂಪನ್ನು ಬೆಳೆದವರು ಬೆಲೆಯಿಲ್ಲದೆ ಬೀದಿಗಿಳಿದಿದ್ದರು.

ಗುಟ್ಟು ಗುಟ್ಟಾಗಿ ಉಳಿದಿಲ್ಲ

ಬರ್ಗರ್ ಸಾಸ್‌ನ ಹೆಸರು ಲೋಕಪ್ರಸಿದ್ಧವಾದದ್ದು ಅಮೆರಿಕದ ಮೆಕ್‌ಡೊನಾಲ್ಡ್ಸ್ ಸಂಸ್ಥೆಯ ‘ಬಿಗ್ ಮ್ಯಾಕ್’ನಿಂದ. ಪೆನ್ಸಿಲ್ವೇನಿಯಾದಲ್ಲಿ ಆ ಸಂಸ್ಥೆಯ ಮಳಿಗೆಗಳನ್ನು ನಡೆಸುತ್ತಿದ್ದ ಜಿಮ್ ಡೆಲಿಗಾಟಿ ಎಂಬುವರು 1967ರಲ್ಲಿ ಅದನ್ನು ಮೊದಲು ಮಾರಾಟಕ್ಕಿಟ್ಟರು. ಮರುವರ್ಷ ಅದು ಅಮೆರಿಕದಾದ್ಯಂತ ದೊರೆಯತೊಡಗಿತು. ಅದರ ಸಾಸ್‌ಗೆ ‘ವಿಶೇಷ ಸಾಸ್’ ಎಂಬ ಹೆಸರಿತ್ತು. ಹಲವು ದಶಕಗಳ ಕಾಲ ಅದನ್ನು ದೊಡ್ಡ ರಹಸ್ಯವೆಂಬಂತೆ ಬಿಂಬಿಸಲಾಯಿತು.

ಆದರೆ 2012ರಲ್ಲಿ ಸಂಸ್ಥೆಯ ಮುಖ್ಯ ಬಾಣಸಿಗರೇ ವಿಡಿಯೋ ಒಂದರಲ್ಲಿ ಅದನ್ನು ಮನೆಯ ಸಾಮಗ್ರಿಗಳಿಂದ ಮಾಡಿ ತೋರಿಸಿದರು. ಮೇಯೊನೇಸ್, ಸಿಹಿಯಾದ ಸೌತೆಕಾಯಿ ಉಪ್ಪಿನಕಾಯಿ, ಸಾಸಿವೆಯ ಹಳದಿ ಸಾಸ್, ವಿನೆಗರ್, ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಮತ್ತು ಪಾಪ್ರಿಕಾ. ಇಷ್ಟೇ. ಟೊಮೆಟೊ ಕೆಚಪ್ ಅದರಲ್ಲಿ ಇರಲೇ ಇಲ್ಲ ಎಂಬುದನ್ನು ಗಮನಿಸಬೇಕು. ಕೆಂಪು ಬಣ್ಣವೆಲ್ಲ ಪಾಪ್ರಿಕಾದ ಕೊಡುಗೆ.

ಭಾರತದಲ್ಲಿ ಮೆಕ್‌ಡೊನಾಲ್ಡ್ಸ್‌ನ ಮೊದಲ ಮಳಿಗೆ ತೆರೆದದ್ದು 1996ರ ಅಕ್ಟೋಬರ್‌ನಲ್ಲಿ, ದೆಹಲಿಯಲ್ಲಿ. ಇಲ್ಲಿನ ಗ್ರಾಹಕರಿಗಾಗಿ ಗೋಮಾಂಸ ಮತ್ತು ಹಂದಿಮಾಂಸಗಳನ್ನು ಕೈಬಿಟ್ಟದ್ದಲ್ಲದೆ, ಮೊಟ್ಟೆಯಿಲ್ಲದ ಮೇಯೊನೇಸನ್ನೂ ಸಿದ್ಧಪಡಿಸಲಾಯಿತು. ನಮ್ಮ ಬೇಕರಿಗಳಲ್ಲಿ ಇಂದು ದೊರೆಯುವ ‘ವೆಜ್ ಮೇಯೊ’ ಇದೇ ಜಾತಿಗೆ ಸೇರಿದ್ದು. ಮುಂದೆ ವಿವರಿಸಿರುವ ವಿಧಾನವೂ ಮೊಟ್ಟೆಯಿಲ್ಲದ್ದೇ.

ರಂಜಕದ ಮೇಲೆ ಬೆಣ್ಣೆ

ಹಾಗೆ ನೋಡಿದರೆ ಈ ಸಾಸ್‌ನ ತತ್ತ್ವ ನಮಗೆ ಹೊಸತಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಹುಳಿ ಸೇರಿಸಿ ರುಬ್ಬಿ ‘ರಂಜಕ’ ಮಾಡಿಡುತ್ತಾರೆ. ಬಿಸಿ ಜೋಳದ ರೊಟ್ಟಿಯ ಮೇಲೆ ರಂಜಕ, ಅದರ ಮೇಲೊಂದು ಉಂಡೆ ಬೆಣ್ಣೆ ಅಥವಾ ಎರಡು ಚಮಚ ಗಟ್ಟಿ ಮೊಸರು. ಖಾರ, ಹುಳಿ, ಬೆಳ್ಳುಳ್ಳಿ ಮತ್ತು ಇವುಗಳನ್ನೆಲ್ಲ ಮೃದುಗೊಳಿಸುವ ಜಿಡ್ಡು: ಬರ್ಗರ್ ಸಾಸ್‌ನಲ್ಲಿರುವುದೂ ಇವೇ ನಾಲ್ಕು. ವ್ಯತ್ಯಾಸವಿಷ್ಟೆ, ನಾವು ಬೆರಳಿನಿಂದ ತಟ್ಟೆಯಲ್ಲಿ ಬೆರೆಸಿಕೊಳ್ಳುವುದನ್ನು ಅವರು ಯಂತ್ರದಲ್ಲಿ ಕಡೆದು ಶೀಶೆಗೆ ತುಂಬಿದ್ದಾರೆ. ಅವರಲ್ಲಿ ಸಿಹಿ ತುಸು ಹೆಚ್ಚು.

ಮೆಣಸಿನಕಾಯಿಯೂ ಮೂಲತಃ ನಮ್ಮದಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಬಂದ ಈ ಬೆಳೆಗೆ ಕನ್ನಡಿಗರು ತಾವು ಬಲ್ಲ ಕಾಳುಮೆಣಸಿನ ಹೆಸರನ್ನೇ ಮುಂದುವರಿಸಿ ‘ಮೆಣಸಿನ ಕಾಯಿ’ ಎಂದರು. ಹಂಗೇರಿಯವರ ಪಾಪ್ರಿಕಾ ಎಂಬ ಹೆಸರಿನ ಮೂಲವೂ ಕಾಳುಮೆಣಸೇ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಪಾಪ್ರಿಕಾ, ಬ್ಯಾಡಗಿ, ದೊಣ್ಣೆ ಮೆಣಸಿನಕಾಯಿ ಮೂರೂ ‘ಕ್ಯಾಪ್ಸಿಕಂ ಆನ್ಯುವಂ’ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಆದ್ದರಿಂದ ಪಾಪ್ರಿಕಾದ ಜಾಗದಲ್ಲಿ ಬ್ಯಾಡಗಿಯನ್ನು ಬಳಸುವುದು ಕೈಗೆ ಸಿಕ್ಕಿದ್ದರಲ್ಲಿ ಹೊಂದಿಸಿಕೊಂಡಂತೆ ಅಲ್ಲ. ಒಂದೇ ಕುಲದ ಇನ್ನೊಂದು ಕವಲನ್ನು ಆರಿಸಿಕೊಂಡಂತೆ.

ಬಣ್ಣ ಎಲ್ಲಿದೆ, ಖಾರ ಎಲ್ಲಿದೆ?

ಬ್ಯಾಡಗಿ ಕಾಯಿಯ ಹೆಚ್ಚುಗಾರಿಕೆ ಅದರ ಬಣ್ಣ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಸಾಂಬಾರ ಪದಾರ್ಥಗಳ ವ್ಯಾಪಾರದಲ್ಲಿ ಕೆಂಪು ಬಣ್ಣವನ್ನು ‘ಅಸ್ಟಾ’ ಎಂಬ ಮಾನದಲ್ಲಿ ಅಳೆಯುತ್ತಾರೆ. ಉತ್ತಮ ಬ್ಯಾಡಗಿ ಕಾಯಿಯಲ್ಲಿ ಅದು ಸುಮಾರು 150ರ ಆಸುಪಾಸಿನಲ್ಲಿರುತ್ತದೆ. ಖಾರಕ್ಕೆ ಹೆಸರಾದ ಗುಂಟೂರು ಕಾಯಿಯಲ್ಲಿ ಬಣ್ಣ ಇದಕ್ಕಿಂತ ಬಹಳ ಕಡಿಮೆ. ಮಂಗಳೂರು, ಉಡುಪಿ, ಕುಂದಾಪುರಗಳ ಮಸಾಲೆಗಳಲ್ಲಿ ಬ್ಯಾಡಗಿ ಕಾಯಿಯನ್ನು ಮುಷ್ಟಿಗಟ್ಟಲೆ ಬಳಸಿದರೂ ಬಾಯಿ ಉರಿಯದಿರುವುದಕ್ಕೆ ಇದೇ ಕಾರಣ.

ಬ್ಯಾಡಗಿಯಲ್ಲಿ ಎರಡು ಬಗೆಗಳಿವೆ. ‘ಡಬ್ಬಿ’ ಗಿಡ್ಡಗೆ, ದುಂಡಗೆ ಇರುತ್ತದೆ. ಅದರಲ್ಲಿ ಬೀಜ ಹೆಚ್ಚು, ಖಾರ ಕಡಿಮೆ. ‘ಕಡ್ಡಿ’ ಉದ್ದವಾಗಿ, ತೆಳ್ಳಗೆ ಇರುತ್ತದೆ. ಎರಡರ ಸಿಪ್ಪೆಯೂ ಎದ್ದು ಕಾಣುವಂತೆ ಸುಕ್ಕುಗಟ್ಟಿರುತ್ತದೆ. ಈ ಸುಕ್ಕೇ ಬ್ಯಾಡಗಿ ಕಾಯಿಯ ಗುರುತು. ಅಂಗಡಿಯಲ್ಲಿ ನುಣುಪಾದ, ನೆಟ್ಟಗಿನ, ಹೊಳೆಯುವ ಕಾಯಿಯನ್ನು ಬ್ಯಾಡಗಿ ಎಂದು ಕೊಟ್ಟರೆ ಒಂದು ಕ್ಷಣ ಯೋಚಿಸುವುದು ಒಳ್ಳೆಯದು.

ಕಾಯಿಯ ಬಣ್ಣ ಇರುವುದು ಸಿಪ್ಪೆಯಲ್ಲಿ. ಕ್ಯಾಪ್ಸಾಂಥಿನ್ ಮತ್ತು ಕ್ಯಾಪ್ಸೊರುಬಿನ್ ಎಂಬ, ಗಜ್ಜರಿಯ ಬಣ್ಣದ ಬಳಗಕ್ಕೆ ಸೇರಿದ ವರ್ಣದ್ರವ್ಯಗಳು ಅದಕ್ಕೆ ಕಾರಣ. ಖಾರ ಹೆಚ್ಚಾಗಿ ಇರುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಕಾಯಿಯನ್ನು ಸೀಳಿ ಬೀಜ, ತಿರುಳುಗಳನ್ನು ಉದುರಿಸಿಬಿಟ್ಟರೆ ಖಾರದ ಬಹುಪಾಲು ಹೋಗಿ ಬಣ್ಣ ಉಳಿಯುತ್ತದೆ. ಮಕ್ಕಳಿಗಾಗಿ ಸಾಸ್ ಮಾಡುವವರು ಇದನ್ನು ಮರೆಯಬಾರದು.

ಇನ್ನೊಂದು ಮುಖ್ಯ ಸಂಗತಿಯೆಂದರೆ ಈ ಕೆಂಪು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆಗಾಯಿ ಪಲ್ಯದ ಮೇಲೆ ತೇಲುವ ಕೆಂಪು ಎಣ್ಣೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ರುಬ್ಬಿದ ಮೆಣಸಿನಕಾಯಿಯನ್ನು ಸಣ್ಣ ಉರಿಯಲ್ಲಿ ಎಣ್ಣೆಯೊಂದಿಗೆ ಬಾಡಿಸಬೇಕು. ಉರಿ ಹೆಚ್ಚಾದರೆ ಬಣ್ಣ ಕಂದಿ ಕಹಿ ಬರುತ್ತದೆ.

ಹಸಿ ಮೊಟ್ಟೆ ಏಕೆ ಬೇಡ?

ಸಾಸ್‌ನ ಬುಡ ಮೇಯೊನೇಸ್. ಎಣ್ಣೆಯನ್ನು ಅತಿ ಸೂಕ್ಷ್ಮವಾದ ಹನಿಗಳಾಗಿ ಒಡೆದು ನೀರಿನಂಶದಲ್ಲಿ ತೇಲುವಂತೆ ಹಿಡಿದಿಡುವುದೇ ಅದರ ಮರ್ಮ. ಮೊಸರು ಕಡೆದಾಗ ಜಿಡ್ಡು ನೀರಿನಿಂದ ಬೇರ್ಪಟ್ಟು ಬೆಣ್ಣೆಯಾಗುತ್ತದೆ. ಮೇಯೊನೇಸ್‌ನಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧವಾದ ಕ್ರಿಯೆ. ಬೇರೆ ಬೇರೆ ಇರುವ ಜಿಡ್ಡು ಮತ್ತು ನೀರು ಕಡೆತದಿಂದ ಒಂದಾಗುತ್ತವೆ. ಹಾಗೆ ಒಂದಾಗಿ ಉಳಿಯಲು ಮಧ್ಯಸ್ಥಿಕೆ ವಹಿಸುವ ವಸ್ತುವೊಂದು ಬೇಕು. ಪಾಶ್ಚಾತ್ಯ ವಿಧಾನದಲ್ಲಿ ಆ ಕೆಲಸ ಮಾಡುವುದು ಹಸಿ ಮೊಟ್ಟೆಯ ಹಳದಿ ಭಾಗ.

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವ ಸಾಧ್ಯತೆಯುಂಟು. ಬೇಯಿಸಿದರೆ ಅದು ಸಾಯುತ್ತದೆ, ಆದರೆ ಮೇಯೊನೇಸನ್ನು ಬೇಯಿಸುವುದಿಲ್ಲ. ಸೆಖೆಯಲ್ಲಿ ಹೊರಗಿಟ್ಟರೆ ಬ್ಯಾಕ್ಟೀರಿಯಾ ಬೇಗನೆ ವೃದ್ಧಿಸುತ್ತದೆ. ಈ ಅಪಾಯದ ಹಿನ್ನೆಲೆಯಲ್ಲಿ ಕೇರಳ ಸರ್ಕಾರವು 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮೇಯೊನೇಸನ್ನು ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದೊಂದು ವರ್ಷದ ಅವಧಿಗೆ ಇಂತಹುದೇ ಆದೇಶ ಹೊರಡಿಸಿದವು. ಮನೆಯಲ್ಲಿ ಮಾಡುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಮೊಟ್ಟೆಯ ಬದಲು ಹಾಲನ್ನು ಬಳಸಿದರೆ ಹಾಲಿನಲ್ಲಿರುವ ಪ್ರೋಟೀನು ಅದೇ ಮಧ್ಯಸ್ಥಿಕೆಯನ್ನು ವಹಿಸುತ್ತದೆ. ಸಾಸಿವೆ ಅದಕ್ಕೆ ನೆರವಾಗುತ್ತದೆ.

ಬೇಕಾಗುವ ಪದಾರ್ಥಗಳು

ಈ ಪ್ರಮಾಣದಿಂದ ಹತ್ತು ಬರ್ಗರ್‌ಗಳಿಗೆ ಸಾಕಾಗುವಷ್ಟು ಸಾಸ್ ದೊರೆಯುತ್ತದೆ.

ಕೆಂಪು ರುಬ್ಬಿಗೆ: ಬ್ಯಾಡಗಿ ಮೆಣಸಿನಕಾಯಿ 8, ಬೆಳ್ಳುಳ್ಳಿ 3 ಎಸಳು, ವಿನೆಗರ್ 1 ಟೇಬಲ್ ಚಮಚ, ಎಣ್ಣೆ 1 ಟೇಬಲ್ ಚಮಚ.

ಮೇಯೊನೇಸ್‌ಗೆ: ಕುದಿಸಿ, ಆರಿಸಿ, ಫ್ರಿಜ್‌ನಲ್ಲಿ ತಣ್ಣಗೆ ಮಾಡಿದ ಗಟ್ಟಿ ಹಾಲು 75 ಮಿ.ಲೀ., ಎಣ್ಣೆ 150 ಮಿ.ಲೀ., ಸಾಸಿವೆ ಪುಡಿ ಅರ್ಧ ಚಹಾ ಚಮಚ, ಉಪ್ಪು ಅರ್ಧ ಚಹಾ ಚಮಚ, ಸಕ್ಕರೆ 1 ಚಹಾ ಚಮಚ, ವಿನೆಗರ್ 1 ಟೇಬಲ್ ಚಮಚ.

ಸಿಹಿಹುಳಿ ಸೌತೆಕಾಯಿಗೆ: ಬೀಜ ತೆಗೆದು ಬಹಳ ಸಣ್ಣಗೆ ಹೆಚ್ಚಿದ ಎಳೆ ಸೌತೆಕಾಯಿ ಅರ್ಧ ಬಟ್ಟಲು, ಉಪ್ಪು ಅರ್ಧ ಚಹಾ ಚಮಚ, ಸಕ್ಕರೆ 2 ಚಹಾ ಚಮಚ, ವಿನೆಗರ್ 2 ಚಹಾ ಚಮಚ.

ಕೊನೆಯಲ್ಲಿ ಬೆರೆಸಲು: ಬಹಳ ಸಣ್ಣಗೆ ಹೆಚ್ಚಿ ತೊಳೆದು ಹಿಂಡಿದ ಈರುಳ್ಳಿ 1 ಟೇಬಲ್ ಚಮಚ. ಇಷ್ಟವಿದ್ದರೆ ಟೊಮೆಟೊ ಕೆಚಪ್ 1 ಟೇಬಲ್ ಚಮಚ.

ಎಣ್ಣೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಗಾಣದ ಶೇಂಗಾ ಎಣ್ಣೆಗೆ ತನ್ನದೇ ಆದ ಗಾಢ ವಾಸನೆಯಿದ್ದು, ಅದು ಉಳಿದ ರುಚಿಗಳನ್ನು ಮುಚ್ಚಿಹಾಕುತ್ತದೆ. ಸೂರ್ಯಕಾಂತಿ ಎಣ್ಣೆ ಅಥವಾ ಹದವಾದ ರುಚಿಯ ಕುಸುಬಿ ಎಣ್ಣೆ ಈ ಕೆಲಸಕ್ಕೆ ಸೂಕ್ತ.

ಮಾಡುವ ವಿಧಾನ

ಮೊದಲಿಗೆ ಕೆಂಪು ರುಬ್ಬು. ಮೆಣಸಿನಕಾಯಿಯ ತೊಟ್ಟು, ಬೀಜ, ಬಿಳಿ ತಿರುಳುಗಳನ್ನು ತೆಗೆದು, ಸಿಪ್ಪೆಯನ್ನು ಒಮ್ಮೆ ತೊಳೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಬಳಿಕ ನೀರು ಬಸಿದು, ಬೆಳ್ಳುಳ್ಳಿ ಮತ್ತು ವಿನೆಗರ್ ಸೇರಿಸಿ ನುಣ್ಣಗೆ ರುಬ್ಬಿ. ಅಗತ್ಯವಿದ್ದರೆ ಮಾತ್ರ ಒಂದೆರಡು ಚಮಚ ನೀರು ಹಾಕಿ. ರುಬ್ಬಿದ್ದನ್ನು ಜಾಲರಿಯಲ್ಲಿ ಸೋಸಿದರೆ ಸಿಪ್ಪೆಯ ಚೂರುಗಳು ಉಳಿದು ನಯವಾದ ಕೆಂಪು ದೊರೆಯುತ್ತದೆ. ಸಣ್ಣ ಬಾಣಲೆಯಲ್ಲಿ ಒಂದು ಟೇಬಲ್ ಚಮಚ ಎಣ್ಣೆ ಕಾಯಿಸಿ, ಉರಿ ತಗ್ಗಿಸಿ ಇದನ್ನು ಹಾಕಿ ಕೈಯಾಡಿಸುತ್ತಿರಿ. ನಾಲ್ಕೈದು ನಿಮಿಷಗಳಲ್ಲಿ ನೀರಿನಂಶ ಇಂಗಿ ಅಂಚಿನಲ್ಲಿ ಕೆಂಪು ಎಣ್ಣೆ ಕಾಣಿಸಿಕೊಳ್ಳುತ್ತದೆ. ಆಗ ಇಳಿಸಿ ಪೂರ್ತಿ ಆರಲು ಬಿಡಿ.

ಎರಡನೆಯದು ಸೌತೆಕಾಯಿ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಬೆರೆಸಿ ಕಾಲು ಗಂಟೆ ಇಟ್ಟು, ಬಿಟ್ಟುಕೊಂಡ ನೀರನ್ನು ಗಟ್ಟಿಯಾಗಿ ಹಿಂಡಿ ತೆಗೆಯಿರಿ. ಅದನ್ನು ಸಕ್ಕರೆ, ವಿನೆಗರ್‌ಗಳೊಂದಿಗೆ ಎರಡು ನಿಮಿಷ ಕುದಿಸಿ ಆರಿಸಿ. ನೀರನ್ನು ಹಿಂಡುವ ಕೆಲಸದಲ್ಲಿ ಅವಸರ ಮಾಡಿದರೆ ಮುಂದೆ ಸಾಸ್ ನೀರಾಗುತ್ತದೆ.

ಮೂರನೆಯದು ಮೇಯೊನೇಸ್. ಮಿಕ್ಸಿಯ ಚಿಕ್ಕ ಜಾರಿಗೆ ತಣ್ಣನೆಯ ಹಾಲು, ಸಾಸಿವೆ ಪುಡಿ, ಉಪ್ಪು, ಸಕ್ಕರೆ ಹಾಕಿ ಕೆಲವು ಕ್ಷಣ ತಿರುಗಿಸಿ. ಬಳಿಕ ಎಣ್ಣೆಯನ್ನು ಒಂದೊಂದೇ ಚಮಚದಂತೆ ಸೇರಿಸುತ್ತ, ಪ್ರತಿ ಸಲ ಮಿಕ್ಸಿಯನ್ನು ಸ್ವಲ್ಪ ಹೊತ್ತು ತಿರುಗಿಸಿ. ಮುಚ್ಚಳದಲ್ಲಿ ರಂಧ್ರವಿರುವ ಜಾರಾದರೆ ಎಣ್ಣೆಯನ್ನು ಎಳೆಯಾಗಿ ಸುರಿಯಬಹುದು. ಅರ್ಧ ಎಣ್ಣೆ ಮುಗಿಯುವ ಹೊತ್ತಿಗೆ ಮಿಶ್ರಣ ಗಟ್ಟಿಯಾಗತೊಡಗುತ್ತದೆ. ಎಣ್ಣೆಯೆಲ್ಲ ಮುಗಿದ ಮೇಲೆ ವಿನೆಗರ್ ಸೇರಿಸಿ ಒಮ್ಮೆ ತಿರುಗಿಸಿದರೆ ಅದು ಮತ್ತಷ್ಟು ಬಿಗಿಯಾಗುತ್ತದೆ.

ಸಾಸಿವೆಯನ್ನು ಇಲ್ಲಿ ಹುರಿಯಬಾರದು. ಅದರ ಘಾಟು ಹುಟ್ಟುವುದು ಹಸಿಯಾಗಿ ಅರೆದು ತಣ್ಣನೆಯ ದ್ರವ ತಾಗಿದಾಗ. ಮಲೆನಾಡು, ಕರಾವಳಿಗಳಲ್ಲಿ ಮಾವಿನ ಹಣ್ಣಿನ ಸಾಸಿವೆ ಮಾಡುವವರು ಹಸಿ ಸಾಸಿವೆಯನ್ನೇ ತೆಂಗಿನಕಾಯಿಯೊಡನೆ ಅರೆಯುವುದು ಇದೇ ಕಾರಣಕ್ಕೆ. ಹುರಿದರೆ ಆ ಘಾಟನ್ನು ಹುಟ್ಟಿಸುವ ಕಿಣ್ವ ನಾಶವಾಗುತ್ತದೆ.

ಕೊನೆಯದಾಗಿ ಮೇಯೊನೇಸನ್ನು ಅಗಲವಾದ ಪಾತ್ರೆಗೆ ತೆಗೆದು, ಆರಿದ ಕೆಂಪು ರುಬ್ಬನ್ನು ಒಂದೊಂದೇ ಚಮಚ ಬೆರೆಸುತ್ತ ಬನ್ನಿ. ಬಿಳಿ ಮೊದಲು ಗುಲಾಬಿಗೆ, ಬಳಿಕ ಕಿತ್ತಳೆಗೆ ತಿರುಗುತ್ತದೆ. ಬೇಕಾದ ಬಣ್ಣ ಬಂದೊಡನೆ ನಿಲ್ಲಿಸಿ. ಸೌತೆಕಾಯಿ, ಈರುಳ್ಳಿ ಸೇರಿಸಿ ಮುಚ್ಚಿ ಎರಡು ಗಂಟೆ ಫ್ರಿಜ್‌ನಲ್ಲಿಡಿ. ರುಚಿಗಳು ಒಂದಕ್ಕೊಂದು ಹೊಂದಿಕೊಳ್ಳಲು ಈ ಬಿಡುವು ಅಗತ್ಯ.

ಮೇಯೊನೇಸ್ ಗಟ್ಟಿಯಾಗದೆ ನೀರುನೀರಾಗಿ ಉಳಿದರೆ ನಿರಾಶರಾಗಬೇಕಿಲ್ಲ. ಹಾಲು ಸಾಕಷ್ಟು ತಣ್ಣಗಿರದಿದ್ದರೆ ಅಥವಾ ಎಣ್ಣೆಯನ್ನು ಒಮ್ಮೆಲೇ ಸುರಿದಿದ್ದರೆ ಹೀಗಾಗುತ್ತದೆ. ಒಡೆದ ಮಿಶ್ರಣವನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಶುಚಿಯಾದ ಜಾರಿನಲ್ಲಿ ಎರಡು ಚಮಚ ತಣ್ಣನೆಯ ಹಾಲು ತೆಗೆದುಕೊಂಡು, ಒಡೆದದ್ದನ್ನೇ ಎಣ್ಣೆಯ ಹಾಗೆ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ತಿರುಗಿಸಿ. ಬಹುತೇಕ ಅದು ಕೂಡಿಕೊಳ್ಳುತ್ತದೆ.

ಎಷ್ಟು ದಿನ ಇಡಬಹುದು?

ಅಂಗಡಿಯ ಸಾಸ್ ತಿಂಗಳುಗಟ್ಟಲೆ ಕೆಡದಿರುವುದಕ್ಕೆ ಅದರ ಹುಳಿಯನ್ನು ಅಳೆದು ನಿಯಂತ್ರಿಸಿರುವುದು ಒಂದು ಕಾರಣ, ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್‌ನಂತಹ ಸಂರಕ್ಷಕಗಳು ಇನ್ನೊಂದು ಕಾರಣ. ಅದು ದಪ್ಪಗಿರಲು ಪಿಷ್ಟ ಅಥವಾ ಕ್ಸಾಂಥನ್ ಗೋಂದನ್ನು ಬಳಸುತ್ತಾರೆ. ಪಿಷ್ಟದ ಒಂದು ಮುಖ್ಯ ಮೂಲ ಗೋವಿನಜೋಳ. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಇಂದು ಕಣ್ಣಿಗೆ ಹೆಚ್ಚಾಗಿ ಬೀಳುವ ಬೆಳೆಯೂ ಅದೇ.

ಮನೆಯ ಸಾಸ್‌ನಲ್ಲಿ ಇವು ಯಾವುವೂ ಇರುವುದಿಲ್ಲ. ಆದ್ದರಿಂದ ಶುಚಿಯಾದ ಗಾಜಿನ ಶೀಶೆಯಲ್ಲಿ ತುಂಬಿ ಫ್ರಿಜ್‌ನಲ್ಲೇ ಇಟ್ಟು ಮೂರು ದಿನಗಳೊಳಗೆ ಬಳಸಿ ಮುಗಿಸಬೇಕು. ಊಟದ ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ಬಯಲುಸೀಮೆಯ ಬೇಸಿಗೆಯಲ್ಲಿ ಒಂದು ಗಂಟೆಯೇ ಹೆಚ್ಚು. ಮಕ್ಕಳ ಶಾಲೆಯ ಡಬ್ಬಿಗೆ ಇದನ್ನು ಸವರಿ ಕಳುಹಿಸುವುದು ಸರಿಯಲ್ಲ.

ಜಿಡ್ಡಿನ ವಿಷಯವನ್ನೂ ಹೇಳಲೇಬೇಕು. ಈ ಸಾಸ್‌ನ ಒಂದು ಟೇಬಲ್ ಚಮಚದಲ್ಲಿ ಸುಮಾರು ಒಂದೂವರೆ ಚಹಾ ಚಮಚದಷ್ಟು ಎಣ್ಣೆ ಇರುತ್ತದೆ. ಮನೆಯಲ್ಲೇ ಮಾಡಿದ್ದು ಎಂಬ ಕಾರಣಕ್ಕೆ ಅದು ಪಥ್ಯವಾಗುವುದಿಲ್ಲ. ಜಿಡ್ಡು ಬೇಡವೆನ್ನುವವರು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿಗೆ ಅದೇ ಕೆಂಪು ರುಬ್ಬು, ಸೌತೆಕಾಯಿ, ಸಾಸಿವೆಗಳನ್ನು ಬೆರೆಸಿಕೊಳ್ಳಬಹುದು. ಬರ್ಗರ್ ಅಂಗಡಿಯ ರುಚಿ ಅಷ್ಟಾಗಿ ಬಾರದಿದ್ದರೂ ರಂಜಕ–ಮೊಸರಿನ ರುಚಿಗೆ ಅದು ಹತ್ತಿರ.

ಟೊಮೆಟೊ ಮತ್ತು ರಾಣೆಬೆನ್ನೂರು

ಕೆಚಪ್ ಬೆರೆಸಿದರೆ ಸಾಸ್‌ಗೆ ಇನ್ನಷ್ಟು ಸಿಹಿ ಬರುತ್ತದೆ. ಅನೇಕ ಬೇಕರಿಗಳ ಬರ್ಗರ್ ಸಾಸ್ ಎಂದರೆ ಮೇಯೊನೇಸ್ ಮತ್ತು ಕೆಚಪ್‌ಗಳ ಮಿಶ್ರಣವಷ್ಟೆ. ಈ ಟೊಮೆಟೊದ ಕಥೆಯಲ್ಲಿ ರಾಣೆಬೆನ್ನೂರಿಗೂ ಪಾಲಿದೆ. ಬೆಂಗಳೂರಿನ ಇಂಡೋ–ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು 1973ರಲ್ಲಿ ‘ಕರ್ನಾಟಕ’ ಎಂಬ ಸಂಕರಣ ಟೊಮೆಟೊವನ್ನೂ ‘ಭಾರತ್’ ಎಂಬ ಸಂಕರಣ ದೊಣ್ಣೆ ಮೆಣಸಿನಕಾಯಿಯನ್ನೂ ಬಿಡುಗಡೆ ಮಾಡಿತು. ಮುಂದೆ ಇಂತಹ ತರಕಾರಿ ಬೀಜಗಳ ಉತ್ಪಾದನೆಗೆ ರಾಣೆಬೆನ್ನೂರು ಸೀಮೆ ದೇಶದಲ್ಲೇ ಹೆಸರಾಯಿತು.

ಹೂವು ಅರಳುವ ಮುನ್ನ ಅದರ ಕೇಸರಗಳನ್ನು ಕಿತ್ತು, ಬೇರೆ ತಳಿಯ ಪರಾಗವನ್ನು ಕೈಯಿಂದಲೇ ಮುಟ್ಟಿಸುವ ಈ ಸೂಕ್ಷ್ಮ ಕೆಲಸವನ್ನು ಹೆಚ್ಚಾಗಿ ಮಾಡುವವರು ಮಹಿಳೆಯರು. ಒಂದೊಂದು ಹೂವನ್ನೂ ಬೇರೆಬೇರೆಯಾಗಿ ಮುಟ್ಟಬೇಕು. ಶೀಶೆಯಲ್ಲಿ ಬರುವ ಕೆಚಪ್‌ನ ಹಿಂದೆ ಇಂತಹ ಕೈಗಳಿರುವುದು ಎಷ್ಟೋ ಮಂದಿಗೆ ತಿಳಿದಿರುವುದಿಲ್ಲ.

ಪುಡಿಗಿಂತ ಇಡೀ ಕಾಯಿ ಮೇಲು

ಅಂಗಡಿಯಲ್ಲಿ ಸಿಗುವ ಖಾರದ ಪುಡಿಯಿಂದ ಈ ಸಾಸ್ ಮಾಡಬಾರದೇ ಎಂಬ ಪ್ರಶ್ನೆ ಸಹಜ. ಮಾಡಬಹುದು. ಆದರೆ ಪುಡಿಯಲ್ಲಿ ಮೋಸಕ್ಕೆ ಆಸ್ಪದ ಹೆಚ್ಚು. ಬಣ್ಣಕ್ಕಾಗಿಯೇ ಕೊಳ್ಳುವ ವಸ್ತುವಿಗೆ ಬಣ್ಣವನ್ನೇ ಬೆರೆಸುವ ಆಸೆ ಕಲಬೆರಕೆ ಮಾಡುವವರಿಗೆ ಇದ್ದೇ ಇರುತ್ತದೆ. ನಮ್ಮ ಕಾನೂನಿನ ಪ್ರಕಾರ ಮೆಣಸಿನ ಪುಡಿಗೆ ಹೊರಗಿನ ಯಾವ ಬಣ್ಣವನ್ನೂ ಸೇರಿಸುವಂತಿಲ್ಲ.

ಇದು ಕೇವಲ ಗಲ್ಲಿಯ ಅಂಗಡಿಯ ಸಮಸ್ಯೆಯಲ್ಲ. 2003ರಲ್ಲಿ ಭಾರತದಿಂದ ರಫ್ತಾದ ಮೆಣಸಿನಕಾಯಿ ಪದಾರ್ಥಗಳಲ್ಲಿ ‘ಸುಡಾನ್ 1’ ಎಂಬ ಕೈಗಾರಿಕಾ ಬಣ್ಣವನ್ನು ಫ್ರಾನ್ಸ್ ಪತ್ತೆಹಚ್ಚಿತು. ಮೇಣ, ಎಣ್ಣೆಗಳಿಗೆ ಬಣ್ಣ ಕೊಡಲು ಬಳಸುವ, ಆಹಾರದಲ್ಲಿ ನಿಷಿದ್ಧವಾದ ವಸ್ತುವದು. 2005ರಲ್ಲಿ ಬ್ರಿಟನ್‌ನಲ್ಲಿ ಅದೇ ಬಣ್ಣವಿದ್ದ ಮೆಣಸಿನ ಪುಡಿ ಸಾಸ್ ಒಂದಕ್ಕೆ ಸೇರಿ, ಆ ಸಾಸ್ ನೂರಾರು ಸಿದ್ಧ ತಿನಿಸುಗಳಿಗೆ ಸೇರಿತ್ತು. ಅವೆಲ್ಲವನ್ನೂ ಅಂಗಡಿಗಳಿಂದ ಹಿಂದಕ್ಕೆ ಪಡೆಯಬೇಕಾಯಿತು. ಒಂದು ಹಿಡಿ ಸುಳ್ಳು ಕೆಂಪು ಎಷ್ಟು ದೂರ ಹರಡಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಗಾಜಿನ ಲೋಟದ ತುಂಬ ನೀರು ತೆಗೆದುಕೊಂಡು ಅದರ ಮೇಲೆ ಚಿಟಿಕೆ ಪುಡಿ ಉದುರಿಸಿ, ಕದಡದೆ ನೋಡಿ. ಕೆಂಪು ಗೆರೆಗಳು ಎಳೆಎಳೆಯಾಗಿ ಕೆಳಗಿಳಿದರೆ ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿರುವ ಶಂಕೆಗೆ ಅವಕಾಶವಿದೆ. ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ಉಜ್ಜಿದಾಗ ಮರಳುಮರಳಾಗಿ ತಾಕಿದರೆ ಇಟ್ಟಿಗೆ ಪುಡಿ ಅಥವಾ ಮರಳು ಸೇರಿರಬಹುದು. ಆದರೆ ಸುಡಾನ್ ಬಣ್ಣ ಎಣ್ಣೆಯಲ್ಲಿ ಕರಗುವಂಥದು. ಈ ಪರೀಕ್ಷೆಗೆ ಅದು ಸಿಕ್ಕಿಬೀಳುವುದಿಲ್ಲ, ಪ್ರಯೋಗಾಲಯವೇ ಬೇಕು. ಆದ್ದರಿಂದಲೇ ಇಡೀ ಕಾಯಿಯನ್ನು ಕೊಂಡು, ಸುಕ್ಕನ್ನು ನೋಡಿ, ಮುರಿದು ಮೂಸಿ, ಮನೆಯಲ್ಲೇ ರುಬ್ಬಿಕೊಳ್ಳುವುದು ಹೆಚ್ಚು ಸುರಕ್ಷಿತ. ಕಾಯಿಯ ಒಳಗೆ ಬೂದುಬಣ್ಣದ ಬೂಷ್ಟು ಕಂಡರೆ ಅದನ್ನು ಎಸೆಯಬೇಕು. ತೇವದಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ತೊಳೆದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಒಳ್ಳೆಯ ಕಾಯಿಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ತಾಗದಂತೆ ಇಡಬೇಕು. ಬಿಸಿಲು ಮತ್ತು ಶಾಖಕ್ಕೆ ಕೆಂಪು ಮಾಸುತ್ತದೆ. ಬ್ಯಾಡಗಿಯಲ್ಲಿ ಶೀತಲಗೃಹಗಳು ತಲೆಯೆತ್ತಿರುವುದು ಇದೇ ಬಣ್ಣವನ್ನು ಕಾಪಾಡುವುದಕ್ಕೆ.

ಮಾರುಕಟ್ಟೆಯ ಲೆಕ್ಕ

ವರ್ಷದ ಮೊದಲ ತಿಂಗಳುಗಳಲ್ಲಿ ಬ್ಯಾಡಗಿ ಪೇಟೆಗೆ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲಗಳ ಆವಕವಾಗುವುದುಂಟು. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳಿಂದಷ್ಟೇ ಅಲ್ಲ, ಬಳ್ಳಾರಿ, ರಾಯಚೂರುಗಳಿಂದ, ನೆರೆಯ ಆಂಧ್ರಪ್ರದೇಶದಿಂದಲೂ ಕಾಯಿ ಬರುತ್ತದೆ. ಊರಿನಲ್ಲಿ ಸಾ��ಿರಾರು ಮಹಿಳೆಯರಿಗೆ ತೊಟ್ಟು ಬಿಡಿಸುವುದೇ ಜೀವನೋಪಾಯ. ಕೊಂಡ ಕಾಯಿಯ ಒಂದು ಪಾಲು ಮಸಾಲೆ ಕಂಪನಿಗಳಿಗೆ, ಇನ್ನೊಂದು ಪಾಲು ಓಲಿಯೊರೆಸಿನ್ ಘಟಕಗಳಿಗೆ ಹೋಗುತ್ತದೆ. ಓಲಿಯೊರೆಸಿನ್ ಎಂದರೆ ದ್ರಾವಕದ ನೆರವಿನಿಂದ ಕಾಯಿಯಿಂದ ಹಿಂಡಿ ತೆಗೆದ ಗಾಢ ಕೆಂಪು ಸತ್ವ. ಒಂದು ಟನ್ ಕಾಯಿಯಿಂದ ಸುಮಾರು 50 ಲೀಟರ್ ದೊರೆಯುತ್ತದೆ. ತಿನಿಸುಗಳಿಗಲ್ಲದೆ ಲಿಪ್‌ಸ್ಟಿಕ್, ಉಗುರು ಬಣ್ಣಗಳಿಗೂ ಅದು ಬಳಕೆಯಾಗುತ್ತದೆ. ಸಾಸ್ ಶೀಶೆಯ ಚೀಟಿಯ ಮೇಲೆ ‘ಐಎನ್‌ಎಸ್ 160ಸಿ’ ಎಂದು ಕಂಡರೆ, ಅದು ಮೆಣಸಿನಕಾಯಿಯಿಂದ ತೆಗೆದ ಬಣ್ಣ ಎಂದರ್ಥ. ‘ಐಎನ್‌ಎಸ್ 110’, ‘124’ ಎಂದಿದ್ದರೆ ಅವು ಕೃತಕ ಬಣ್ಣಗಳು. ಕೊಳ್ಳುವ ಮುನ್ನ ಈ ಸಂಖ್ಯೆಗಳ ಮೇಲೆ ಕಣ್ಣಾಡಿಸುವುದು ಕಷ್ಟದ ಕೆಲಸವೇನಲ್ಲ.

ರೈತನ ಪಾಡು ಮಾತ್ರ ಈ ಸರಪಳಿಯಲ್ಲಿ ಅತಿ ದುರ್ಬಲವಾದ ಕೊಂಡಿ. ಒಂದು ವರ್ಷ ಬೆಲೆ ಚೆನ್ನಾಗಿ ಬಂದರೆ ಮರುವರ್ಷ ಎಲ್ಲರೂ ಬಿತ್ತುತ್ತಾರೆ, ಆವಕ ಒಟ್ಟಿಗೇ ನುಗ್ಗುತ್ತದೆ, ಬೆಲೆ ಬೀಳುತ್ತದೆ. ಶೀತಲಗೃಹದಲ್ಲಿ ಇಟ್ಟು ಕಾಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಹೆಚ್ಚು ಇಳುವರಿಯ ಸಂಕರಣ ತಳಿಗಳೆದುರು ಮಳೆಯನ್ನೇ ನಂಬಿದ ಸ್ಥಳೀಯ ತಳಿಯ ಇಳುವರಿ ಕಡಿಮೆ. ಗ್ರಾಹಕನು ಬಣ್ಣವನ್ನೂ ತಳಿಯನ್ನೂ ಗುರುತಿಸಿ ಕೇಳದಿದ್ದರೆ ಅದನ್ನು ಬೆಳೆಯುವುದರಲ್ಲಿ ರೈತನಿಗೆ ಉಳಿಯುವ ಲಾಭವೇನು? 2024ರ ಮಾರ್ಚ್‌ನ ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದಿದ್ದ ಸಂಕಟವನ್ನು ಅರಿಯದಿದ್ದರೆ ಅದು ಮತ್ತೆ ಹೊತ್ತಿಕೊಂಡೀತು.

ಮನೆಯಲ್ಲಿ ಮಾಡಿದ ಒಂದು ಬಟ್ಟಲು ಸಾಸ್ ಬ್ಯಾಡಗಿಯ ಬೆಲೆಯನ್ನು ಏರಿಸಲಾರದು, ನಿಜ. ಆದರೆ ಸುಕ್ಕುಗಟ್ಟಿದ ಕಾಯಿಯನ್ನು ನೋಡಿ ಆರಿಸುವ, ಚೀಟಿಯ ಮೇಲಿನ ಸಂಖ್ಯೆಯನ್ನು ಓದುವ, ಅತಿಯಾಗಿ ಕೆಂಪಾಗಿರುವ ಗೋಬಿಯ ತಟ್ಟೆಯನ್ನು ಹಿಂದಕ್ಕೆ ಸರಿಸುವ ಗ್ರಾಹಕರು ಹೆಚ್ಚಾದಷ್ಟೂ ನಿಜವಾದ ಕೆಂಪಿಗೆ ಪೇಟೆಯಲ್ಲಿ ಬೆಲೆ ಬರುತ್ತದೆ. ಮಕ್ಕಳು ಬರ್ಗರ್ ಬೇಕೆಂದು ಹಟ ಹಿಡಿದಾಗ ಬೇಡವೆನ್ನುವುದಕ್ಕಿಂತ ಅವರನ್ನೂ ಕೂರಿಸಿಕೊಂಡು ಎಂಟು ಮೆಣಸಿನಕಾಯಿಯ ಬೀಜ ಬಿಡಿಸುವುದು ಮೇಲು. ತಾವು ತಿನ್ನುವ ಬಣ್ಣ ಎಲ್ಲಿಂದ ಬಂತು ಎಂಬುದು ಅವರಿಗೆ ಆಗ ತಾನಾಗಿಯೇ ತಿಳಿಯುತ್ತದೆ. ಬಿಡಿಸಿದ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯುವ ತನಕ ಕಣ್ಣಿಗೆ ಮುಟ್ಟಿಸದಂತೆ ಎಚ್ಚರಿಸಿದರೆ ಸಾಕು.